ಕಣಜದ ಮೇಲಿನ ಚಿತ್ರ

ಲಗಮಣ್ಣನಿಗೆ ಮರೆವು ಎಂಬುದು ಇರಲಿಲ್ಲ. ಅದೇ ಅವನ ರೋಗ. ಮೂವತ್ತೆಂಟು ವರ್ಷದ ಹಿಂದೆ ಮೂಡಲಗಿಯ ಸಾವಕಾರರ ಮನೆಗೆ ಅವನೊಂದು ಮದುವೆ ಚಿತ್ರ ಬರೆದುಕೊಟ್ಟಿದ್ದ. ಆಯಿಲ್ ಪೇಂಟಿನಲ್ಲಿ ಅವನ ಕೈಯಿಂದ ಬಂದ ಮೊದಲ ಚಿತ್ರ ಅದು. ಬಾಸಿಂಗ ಕಟ್ಟಿಕೊಂಡ ಮದುಮಗ, ಸಾವಕಾರರ ಮಗ ಸತ್ತೆಪ್ಪ, ಬಾಜೂಕ್ಕೆ ತಲೆ ತಗ್ಗಿಸಿದ ಕಾಶೆವ್ವ, ಇಬ್ಬರ ಮೇಲೆ ಬೀಳುತ್ತಿರುವ ಅಕ್ಕಿಕಾಳು. ಗಾಳಿಯಲ್ಲಿದ್ದ ಒಂದೊಂದು ಕಾಳನ್ನೂ ಬಿಡದೆ ಬರೆದಿದ್ದ. ನಾಲ್ಕು ತಿಂಗಳು ಹಿಡಿದಿತ್ತು. ವರ್ಷ ಕಳೆದ ಮೇಲೆ ಆ ಮನೆಯ ಆಳು ಯಲ್ಲಪ್ಪ ಗೋಕಾಕದ ಸಂತೆಯಲ್ಲಿ ಸಿಕ್ಕ.

"ನಿನ್ನ ಚಿತ್ರ ಎಲ್ಲೈತಿ ಗೊತ್ತೇನೋ?" ಅಂತ ನಕ್ಕ. "ಜ್ವಾಳದ ಕಣಜದ ಮ್ಯಾಲ. ಮುಚ್ಚಳ ಮಾಡ್ಯಾರ."

ಆ ನಗು ಲಗಮಣ್ಣನ ಕಿವಿಯಿಂದ ಹೋಗಲೇ ಇಲ್ಲ. ಯಲ್ಲಪ್ಪ ಸತ್ತ, ಸಾವಕಾರರು ಸತ್ತರು, ಸತ್ತೆಪ್ಪನೂ ಹೋದ. ಲಗಮಣ್ಣ ಅಂಗಡಿಗಳ ಬೋರ್ಡು ಬರೆದ, ಸಿನಿಮಾದ ದೊಡ್ಡ ದೊಡ್ಡ ಮುಖ ಬರೆದ, ಸತ್ತವರ ಫೋಟೋ ನೋಡಿ ಹಾರ ಹಾಕುವ ಚಿತ್ರ ಬರೆದ. 'ನಮ್ಮಪ್ಪನ ಬಣ್ಣ ತುಸು ತಿಳಿ ಮಾಡ್ರಿ' ಅಂದರೆ ಮಾಡುತ್ತಿರಲಿಲ್ಲ. 'ಹಲ್ಲು ಒಳಗ ತಗೋರಿ' ಅಂದರೆ ಬ್ರಶ್ ಕೆಳಗಿಡುತ್ತಿದ್ದ. ಅವನ ಅಂಗಡಿಯ ಬಾಗಿಲ ಮೇಲೆ ಅವನೇ ಬರೆದುಕೊಂಡಿದ್ದ: ಇದ್ದದ್ದು ಇದ್ದಂಗ. ಗೋಕಾಕ ಪ್ಯಾಟಿಯಲ್ಲಿ ಜನ ಅವನನ್ನು ಹೆಸರಿಗಿಂತ ಆ ಮಾತಿನಿಂದಲೇ ಹೆಚ್ಚು ಕರೆಯುತ್ತಿದ್ದರು. ಅರವತ್ತೆರಡಕ್ಕೆ ಅವನ ಹತ್ತಿರ ಉಳಿದ ಆಸ್ತಿ ಅಂದರೆ ಆ ಹೆಸರೊಂದೇ.

ಹೋದ ದೀಪಾವಳಿ ಮುಗಿದ ವಾರ, ಕಾಶೆವ್ವನ ಮಗ ಬಾಳೇಶ ಕಾರು ನಿಲ್ಲಿಸಿ ಒಳಗೆ ಬಂದ.

"ಕಾಕಾ, ನನ್ನ ಲಗ್ನದ್ದೊಂದು ಆಯಿಲ್ ಪೇಂಟಿಂಗ್ ಬೇಕ್ರಿ. ಮೊಬೈಲಿನ್ಯಾಗ ಫೋಟೋ ಸಾವಿರ ಅದಾವು, ಗ್ವಾಡಿಗಿ ಒಂದೂ ಇಲ್ಲ ಅಂತ ಅವ್ವ ಬೈತಾಳ. ಲಗಮಣ್ಣನ ಕಡೆನ ಬರಸು ಅಂದ್ಲು."

"ನನ್ನ ಕಡೆನ?"

"ನಿಮ್ಮ ಕಡೆನ."

ಇವರಿಗೆ ಮತ್ತೊಂದು ಮುಚ್ಚಳ ಬೇಕಾಗಿದೆ ಅಂದುಕೊಂಡ ಲಗಮಣ್ಣ. ಬಾಯಲ್ಲಿ ಮಾತ್ರ "ಆತು" ಅಂದ.

ಅವತ್ತಿಗೆ ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದು ಹುಟ್ಟಿದ್ದು ಮೂಡಲಗಿಯ ಪಡಸಾಲೆಯಲ್ಲಿ, ಸೊಸೆ ನೇತ್ರಾ ಲಗ್ನದ ಸೀರೆ ಉಟ್ಟು ಬಂದು ಕೂತಾಗ. ನಾಗನೂರಿನ ಹುಡುಗಿ, ಬಾಯಿ ಚುರುಕು. ಅವಳ ಕೊರಳಲ್ಲಿ ಪುತಳಿ ಸರ. ಬೆರಳಿನ ಅಗಲದ ಬಂಗಾರದ ಬಿಲ್ಲೆಗಳು, ಒಂದೊಂದರ ಮೇಲೂ ಲಕ್ಷ್ಮಿ, ಕೆಂಪು ದಾರದಲ್ಲಿ ಒತ್ತಾಗಿ ಪೋಣಿಸಿದ್ದು. ಕಾಶೆವ್ವನ ಕೊರಳಲ್ಲಿ ಅವನು ಬರೆದಿದ್ದ ಅದೇ ಸರ. ಚಿತ್ರವನ್ನು ಕಣಜಕ್ಕೆ ಹಾಕಿದ ಮನೆಯವರು ಸರವನ್ನು ತಿಜೋರಿಯಲ್ಲಿಟ್ಟಿದ್ದರು. ಅವನ ಬೆರಳು ತನ್ನಷ್ಟಕ್ಕೆ ತಾನೇ ತೊಡೆಯ ಮೇಲೆ ತಾಳ ಹಾಕತೊಡಗಿತು. ಆಮೇಲೆ ಮೂರು ತಿಂಗಳು ಅದು ನಿಲ್ಲಲಿಲ್ಲ.

"ತಂಗೀ, ಆ ಸರ ಒಂದೀಟು ಬಿಚ್ಚಿ ಕೊಡವಾ. ಅಳತಿ ತಗೋಬೇಕು."

ಕಾಗದದ ಮೇಲೆ ಸರ ಹರವಿ ಸುತ್ತಲೂ ಪೆನ್ಸಿಲ್ ಎಳೆದ. ಮೊಬೈಲಿನಲ್ಲಿ ಫೋಟೋ ತೆಗೆದ. ಬಣ್ಣದ ಪೆಟ್ಟಿಗೆಯಲ್ಲಿದ್ದ ಮೇಣವನ್ನು ಅಂಗೈಯಲ್ಲಿ ಮೆತ್ತಗೆ ಮಾಡಿ, ಅದಕ್ಕೆ ಒಂದು ಬಿಲ್ಲೆ ಒತ್ತಿ ಅಚ್ಚು ತೆಗೆದ. ಎಲ್ಲರೂ ನೋಡುತ್ತಿದ್ದರು, ಯಾರಿಗೂ ಏನೂ ಕಾಣಲಿಲ್ಲ. ಚಿತ್ರಗಾರ ಏನು ಮಾಡಿದರೂ ಅದು ಚಿತ್ರದ ಕೆಲಸ ಅಂತಲೇ ಜನ ತಿಳಿಯುತ್ತಾರೆ.

ಕಾಶೆವ್ವ ಚಹಾ ತಂದಿಟ್ಟಳು. ಅರವತ್ತರ ಹತ್ತಿರದ ಹೆಂಗಸು, ಬರಿಗೊರಳು. "ಹಿಂದಿನ ಚಿತ್ರ ನೆನಪೈತೇನ್ರಿ ಲಗಮಣ್ಣಾರ?" ಅಂದಳು.

"ನೆನಪಿಲ್ದೇನ್ರಿ. ಎಲ್ಲೈತಿ ಈಗ?"

"ಐತಿ ತಗೋರಿ," ಅಂತ ಸಣ್ಣಗೆ ನಕ್ಕಳು. "ಜತನ ಐತಿ."

ಆ ನಗುವಿನಲ್ಲಿ ಅವನಿಗೆ ಯಲ್ಲಪ್ಪನ ನಗು ಕೇಳಿಸಿತು. ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳುತ್ತಾಳೆ ಅಂದುಕೊಂಡ. ಇದ್ದ ಅಳುಕು ಅಲ್ಲಿಗೆ ತೀರಿತು.

ಘಟಪ್ರಭಾದಲ್ಲಿ ಬಸ್ ಬದಲು ಮಾಡಿ ಹುಕ್ಕೇರಿಗೆ ಹೋದ. ಸೀಟು ಸಿಕ್ಕರೂ ಕೂರಲಾಗಲಿಲ್ಲ, ಕಂಬಿ ಹಿಡಿದು ನಿಂತೇ ಹೋದ. ಅಲ್ಲಿ ಪರಶುರಾಮ ಅಂತೊಬ್ಬ ಗಿಲೀಟಿನ ಕೆಲಸದವ. ನಾಟಕದವರಿಗೆ ಕಿರೀಟ, ಡಾಬು, ಸರ ಮಾಡಿಕೊಡುವವ. ಲಗಮಣ್ಣ ಮೇಣದ ಅಚ್ಚು, ಅಳತೆ ಕಾಗದ, ಫೋಟೋ ಮುಂದಿಟ್ಟ. ಮೂವತ್ತೆರಡು ಬಿಲ್ಲೆ. ತಾಮ್ರದ ತಗಡು ತುಸು ದಪ್ಪ ಹಿಡಿಯಬೇಕು, ಅಂದರೆ ಭಾರ ಕೂಡಿಬರುತ್ತದೆ. ಬಂಗಾರದ ನೀರು ಎರಡು ಸಲ ಕೊಡಬೇಕು. ದಾರ ಹೊಸದಿರಬಾರದು.

"ಯಾವ ರಾಣಿಗ್ರಿ ಇಷ್ಟು ಉಪಚಾರ?" ಅಂದ ಪರಶುರಾಮ. "ಸ್ಟೇಜ್ ಮ್ಯಾಲ ಯಾರು ತೂಕ ಮಾಡಿ ನೋಡ್ತಾರ?"

"ಪಾರ್ಟ್ ಮಾಡಾಕಿ ಭಾಳ ಹಟಮಾರಿ. ಖರೆ ಕಂಡ್ರನ ಹಾಕ್ಕೋತಾಳ."

"ಅಕಿನ್ನ ಲಗ್ನಾದಾಂವ ಪುಣ್ಯವಂತ ಬಿಡ್ರಿ." ಪರಶುರಾಮ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದ. "ಇಲ್ಲೊಂದು ಬಿಲ್ಲಿ ಡಬ್ಬ ಬಿದ್ದೈತಲ್ರಿ, ಲಕ್ಷ್ಮಿ ಮುಖ ಹಿಂದಾಗೈತಿ."

"ಹಳೀ ದಾರ, ಹೊಳ್ಳಿರ್ತೈತಿ. ನೀ ಎಲ್ಲಾ ನೆಟ್ಟಗ ಪೋಣಸು," ಅಂದ ಲಗಮಣ್ಣ, ಫೋಟೋ ನೋಡದೆಯೇ.

ಹದಿನೈದು ದಿನಕ್ಕೆ ಸರ ಕೈಗೆ ಬಂತು. ಬಿಸಿಲಿಗೆ ಹಿಡಿದ, ನೆರಳಿಗೆ ಹಿಡಿದ. ನಲವತ್ತು ವರ್ಷ ಬಣ್ಣ ನೋಡಿದ ಅವನ ಕಣ್ಣೇ ಒಪ್ಪಿತು. ಹುಣಸೆಹಣ್ಣು ತಿಕ್ಕಿ, ಒಲೆಯ ಮಸಿ ಸವರಿ, ಬಟ್ಟೆಯಲ್ಲಿ ಒರೆಸಿ ಮೂರು ದಿನದಲ್ಲಿ ಅದಕ್ಕೆ ಎರಡು ತಲೆಮಾರಿನ ವಯಸ್ಸು ತಂದ.

ಎರಡನೆಯ ಸಲ ಮೂಡಲಗಿಗೆ ಹೋದಾಗ ಚಿತ್ರ ಮುಕ್ಕಾಲು ಮುಗಿದಿತ್ತು. ಬಾಳೇಶನ ಮುಖ, ಬಾಸಿಂಗದ ಮುತ್ತು, ನೇತ್ರಾಳ ಹಣೆ, ಅಕ್ಕಿಕಾಳು ಎಲ್ಲ ಆಗಿತ್ತು. ಸರದ ಜಾಗವೊಂದನ್ನು ಬೇಕಂತಲೇ ಖಾಲಿ ಬಿಟ್ಟಿದ್ದ. ಸರ ಬಿಚ್ಚಿ ಕರಿ ಬಟ್ಟೆಯ ಮೇಲೆ ಇಡಬೇಕು, ಕೊರಳಲ್ಲಿದ್ದರೆ ಉಸಿರಿಗೆ ಅಲ್ಲಾಡಿ ಹೊಳಪು ಹಿಡಿಯಲಾಗುವುದಿಲ್ಲ ಅಂದ. ನೇತ್ರಾ ಬಿಚ್ಚಿ ಇಟ್ಟಳು. ಟರ್ಪಂಟೈನ್ ಡಬ್ಬಿಯ ಮುಚ್ಚಳ ಸಡಿಲು ಮಾಡಿ ಹತ್ತಿರಕ್ಕೆ ಸರಿಸಿದ.

"ಏನ್ ನಾತ ಅಜ್ಜಾರ ಇದು!" ಮೂಗಿಗೆ ಸೆರಗು ಹಿಡಿದು ಎದ್ದಳು. "ಇದರಾಗ ನೀವು ಹೆಂಗ ಊಟ ಮಾಡ್ತೀರೋ."

"ರೂಢಿ ಆಗೈತಿ ತಂಗೀ. ನೀ ಒಳಗ ಗಾಳಿಗಿ ಕುಂದ್ರು."

ಅವಳು ಒಳಗೆ ಹೋದಳು. ಬಣ್ಣ ಒರೆಸುವ ಅರಿವೆಯನ್ನು ಸರದ ಮೇಲೆ ಹಾಕಿದ, ಎತ್ತಿದ. ಅಷ್ಟೇ. ಕರಿ ಬಟ್ಟೆಯ ಮೇಲೆ ಈಗ ಹುಕ್ಕೇರಿಯ ಸರ. ಅವಸರ ಮಾಡಲಿಲ್ಲ. ಎರಡು ತಾಸು ಕೂತು ಅದನ್ನೇ ನೋಡಿ, ಒಂದೊಂದು ಬಿಲ್ಲೆಯನ್ನೂ ಇದ್ದದ್ದು ಇದ್ದಂಗ ಬರೆದ. ಅಷ್ಟು ಚಂದ ಬಂಗಾರವನ್ನು ಅವನು ಎಂದೂ ಬರೆದಿರಲಿಲ್ಲ.

ಸಂಜೆ ಕಾಶೆವ್ವ ಸರವನ್ನು ನೋಡದೆಯೇ ಸೊಸೆಯ ಕೈಯಿಂದ ಇಸಕೊಂಡು ತಿಜೋರಿಗೆ ಹಾಕಿದಳು. ಖರೆ ಸರ ಗೋಕಾಕಕ್ಕೆ ಬಂದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಸಿಕೊಂಡು, ಬಿಳಿ ಬಣ್ಣದ ಡಬ್ಬಿಯ ತಳಕ್ಕೆ ಇಳಿಯಿತು. ಮೇಲೆ ಬಣ್ಣ ಕೆನೆಗಟ್ಟಿ ಗಟ್ಟಿಯಾಯಿತು. ವರ್ಷ ಎರಡು ವರ್ಷ ಅಲ್ಲೇ ಇರಲಿ. ಮಾರುವ ಆತುರ ಅವನಿಗಿರಲಿಲ್ಲ. ಆ ಮನೆಯವರು ತಾಮ್ರಕ್ಕೆ ಕೀಲಿ ಹಾಕಿ ಕಾಯುತ್ತಾರೆ ಎಂಬುದೇ ಸಾಕಾಗಿತ್ತು.

ಸಾಕಾಗಬೇಕಿತ್ತು. ಆದರೆ ಅನ್ನ ರುಚಿಸಲಿಲ್ಲ. ಬಾಗಿಲ ಮುಂದೆ ಕಾರು ನಿಂತರೆ ಬ್ರಶ್ ಕೈಜಾರುತ್ತಿತ್ತು. ದಿನಕ್ಕೆ ನಾಲ್ಕು ಸಲ ಆ ಡಬ್ಬಿಯನ್ನು ಎತ್ತಿ ಇನ್ನೊಂದು ಕಡೆ ಇಡುತ್ತಿದ್ದ, ಮತ್ತೆ ಮೊದಲಿನ ಕಡೆಗೇ ತರುತ್ತಿದ್ದ. ಮನಸ್ಸಿನಲ್ಲಿ ಎಲ್ಲವನ್ನೂ ಮೊದಲಿನಿಂದ ಒಮ್ಮೆ ನಡೆಸಿ ನೋಡುತ್ತಿದ್ದ. ತೂಕ, ಬಣ್ಣ, ದಾರ, ಅಚ್ಚು. ಎಲ್ಲಿಯೂ ತೂತು ಇರಲಿಲ್ಲ. ಪರಶುರಾಮನಿಗೆ ಮೂಡಲಗಿ ಗೊತ್ತಿಲ್ಲ, ಮೂಡಲಗಿಗೆ ಪರಶುರಾಮ ಗೊತ್ತಿಲ್ಲ.

ಚಿತ್ರ ತೂಗುಹಾಕಲು ಸೋಮವಾರ ಮುಂಜಾನೆ ಗೊತ್ತುಮಾಡಿದ್ದರು. ಪಡಸಾಲೆಯಲ್ಲಿ ಮನೆಯವರ ಜೊತೆ ನೆರೆಮನೆಯ ನಾಲ್ಕು ಮಂದಿ ಕೂಡಿದ್ದರು. ನೇತ್ರಾ ಲಗ್ನದ ಸೀರೆಯನ್ನೇ ಉಟ್ಟು, ಸರ ಹಾಕಿಕೊಂಡು ನಿಂತಿದ್ದಳು. ಲಗಮಣ್ಣ ಚಿತ್ರದ ಮೇಲಿನ ಅರಿವೆ ಸರಿಸಿದ.

"ಕಾಕಾ, ಬಂಗಾರ ಅಂದ್ರ ಕಿತ್ತಿ ತಗೋಬೇಕು ಅನಸ್ತೈತ್ರಿ!" ಅಂದ ಬಾಳೇಶ.

ಲಗಮಣ್ಣ ನಕ್ಕ.

"ತಡೀರಿ," ಅಂದಳು ಕಾಶೆವ್ವ. "ಒಂದ ಹಾಕಬ್ಯಾಡ್ರಿ. ಜೋಡಿ ಹಾಕೂಣು. ಬಾಳೂ, ಅದನ್ನ ತಾ."

ಬಾಳೇಶ ಒಳಗಿಂದ ಕೌದಿಯಲ್ಲಿ ಸುತ್ತಿದ ದೊಡ್ಡದೊಂದನ್ನು ಎದೆಗವಚಿ ತಂದ. ಕೌದಿ ಬಿಚ್ಚಿದಾಗ ಒಣಗಿದ ಬೇವಿನ ಎಲೆ ಪುಡಿಪುಡಿಯಾಗಿ ನೆಲಕ್ಕೆ ಉದುರಿತು. ಒಳಗೆ ಲಗಮಣ್ಣನ ಇಪ್ಪತ್ನಾಲ್ಕನೆಯ ವಯಸ್ಸು ಇತ್ತು. ಒಂದು ಬಿರುಕಿಲ್ಲ, ಒಂದು ಕಲೆಯಿಲ್ಲ. ಅಕ್ಕಿಕಾಳು ಇನ್ನೂ ಗಾಳಿಯಲ್ಲೇ ಇದ್ದವು.

"ಹೊಸಾ ಸೊಸಿ ಮುಖ ತೊಟ್ಟಿಲ ಕಟ್ಟೂತನಕ ಗ್ವಾಡಿಗಿ ಹಾಕಬಾರದು ಅಂದ್ರು ನಮ್ಮತ್ತಿ," ಅಂದಳು ಕಾಶೆವ್ವ. "ಗ್ವಾಡಿಗೆಲ್ಲಾ ಹುಳಾ ಹತ್ತಿತ್ತು. ಬೆಚ್ಚಗ ಒಣಾ ಜಾಗ ಅಂದ್ರ ಕಣಜದ ಮ್ಯಾಲಿಂದು ಒಂದ. ಅಲ್ಲಿಟ್ಟೆ. ಏಳು ವರ್ಷದ ಮ್ಯಾಲ ಬಾಳೂ ಹುಟ್ಟಿದ. ಇನ್ನ ಹಾಕೂಣು ಅನ್ನೂದ್ರಾಗ ಇವರಪ್ಪ ಹೋದ್ರು. ಆಮ್ಯಾಲ ದಿನಾ ಆ ಮುಖ ನೋಡಾಕ ನನ್ನ ಜೀವ ತಡೀಲಿಲ್ಲ. ವರ್ಷಾ ದೀಪಾವಳಿಗಿ ಬಿಚ್ಚಿ, ಒರಸಿ, ಬೇವಿನೆಲಿ ಬದಲ ಮಾಡಿ ಇಡತಿದ್ದೆ. ಅವರದು ಮತ್ತೊಂದು ಫೋಟೋ ಎಲ್ಲೈತ್ರಿ ನನ್ನ ಹಂತೇಕ? ಇದ ಒಂದ."

ಲಗಮಣ್ಣ ಕಂಬಕ್ಕೆ ಒರಗಿದ. ಮೂವತ್ತೇಳು ವರ್ಷ ಕಿವಿಯಲ್ಲಿದ್ದ ನಗು ಒಮ್ಮೆಲೇ ನಿಂತಿತು. ಅದು ನಿಂತ ಜಾಗದಲ್ಲಿ ಏನೂ ಇರಲಿಲ್ಲ. ಆಮೇಲೆ ತಲೆ ಓಡತೊಡಗಿತು, ಈ ಸಲ ಹಿಂದಕ್ಕೆ. ಹೊಸ ಚಿತ್ರಕ್ಕೆ ಇನ್ನೂ ವಾರ್ನಿಶ್ ಆಗಿಲ್ಲ. ವಾರ್ನಿಶ್ ನೆಪದಲ್ಲಿ ಬರಬಹುದು. ಹೊಳಪು ಸರಿಮಾಡಬೇಕು, ಸರ ಇನ್ನೊಮ್ಮೆ ಕೊಡಿ ಅನ್ನಬಹುದು. ಅದೇ ಅರಿವೆ, ಅದೇ ಕರಿ ಬಟ್ಟೆ. ಖರೆ ಸರ ತಿಜೋರಿಗೆ, ತಾಮ್ರ ಘಟಪ್ರಭಾ ಹೊಳೆಗೆ. ಬರುವ ಸೋಮವಾರ. ಇಲ್ಲ, ನಾಳೆಯೇ.

"ಅವ್ವಾರ, ವಾರ್ನಿಶ್ ಒಂದು ಉಳದೈತಿ. ನಾಳಿ ಬರತೇನಿ," ಅಂದ.

"ಬರ್ರಿ. ನಾಳಿ ಊಟಕ್ಕ ಇಲ್ಲೇ ಇರ್ರಿ."

ಬಾಳೇಶ ಎರಡೂ ಚಿತ್ರಗಳನ್ನು ಮೊಳೆಗೆ ಹಾಕಿದ. ನೇತ್ರಾ ನಡುವೆ ನಿಂತು ಅತ್ತೆಯ ಚಿತ್ರ, ತನ್ನ ಚಿತ್ರ ನೋಡುತ್ತ ಕೊರಳು ತಿರುಗಿಸಿದಳು. "ಅತ್ತೀ, ನಿಮ್ಮ ಸರದಾಗ ಒಂದು ಪುತಳಿಗಿ ಲಕ್ಷ್ಮೀನ ಇಲ್ಲಲ್ರಿ. ತಗ್ಗು ಬಿದ್ದಂಗೈತಿ. ಅಜ್ಜಾರು ಮರತಾರೇನ?" ಕಾಶೆವ್ವ ನಕ್ಕಳು. "ಅವರು ಎಲ್ಲಿ ಮರೀತಾರವಾ! ಅದು ಡಬ್ಬ ಹಾಕಿದ್ದು. ದೃಷ್ಟಿ ಆಗಬಾರದಂತ ಈ ಮನ್ಯಾಗ ಒಂದು ಬಿಲ್ಲಿ ಹೊಳ್ಳಿಸಿ ಬೆಸಗಿ ಹಾಕಸ್ತಾರ. ನಿನ್ನ ಕೊಳ್ಳಾಗೂ ಐತಿ, ನೋಡಿಲ್ಲೇನ? ಎಡಕ್ಕ ಐದನೇದು." ಲಗಮಣ್ಣ ತನ್ನ ಹಳೆಯ ಚಿತ್ರದ ಕಡೆ ನೋಡಿದ. ಎಡಕ್ಕೆ ಐದನೆಯ ಬಿಲ್ಲೆ. ಲಕ್ಷ್ಮಿಯ ಬೆನ್ನಿನ ತಗ್ಗು, ತಗ್ಗಿನೊಳಗೆ ಕೂದಲೆಳೆಯಷ್ಟು ನೆರಳು. ಯಾರೂ ಹೇಳದೆ, ಯಾಕೆಂದು ಕೇಳದೆ, ಇದ್ದದ್ದನ್ನು ಇದ್ದಂಗ ಅವನೇ ಬರೆದಿದ್ದ. ಕಾಶೆವ್ವನ ಬೆರಳು ಸೊಸೆಯ ಕೊರಳ ಮೇಲೆ ಒಂದು, ಎರಡು, ಮೂರು ಎಂದು ಸರಿದು ಐದಕ್ಕೆ ಬಂತು. ಆರಕ್ಕೆ ಹೋಯಿತು. ತಪ್ಪಿತೇನೋ ಎಂಬಂತೆ ತಿರುಗಿ ಮೊದಲಿನಿಂದ ಬಂತು, ಮತ್ತೆ ಐದನೆಯದರ ಮೇಲೆ ನಿಂತಿತು. ಅವಳು ತಲೆಯೆತ್ತಿ ಹೊಸ ಚಿತ್ರದಲ್ಲಿ ಒಂದೇ ಸಮ ಹೊಳೆಯುತ್ತಿದ್ದ ಮೂವತ್ತೆರಡು ಲಕ್ಷ್ಮಿಯರನ್ನು ನೋಡಿದಳು, ಆಮೇಲೆ ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದ ಲಗಮಣ್ಣನನ್ನು ನೋಡಿದಳು. ಬೆರಳು ಇನ್ನೂ ಐದನೆಯ ಬಿಲ್ಲೆಯ ಮೇಲೇ ಇತ್ತು.