ಬಂಕರ್ ಕಟ್ಟಲು ಬಂದವನು

"ಮಲಗ್ರೀ! ನೆಲಕ್ಕೆ ಮಲಗ್ರೀ!"

ಕೂಗಿದ್ದು ಹೆಣ್ಣಿನ ದನಿ. ಅದು ತನಗೇ ಹೇಳಿದ್ದು ಎಂದು ಓಂಕಾರನಿಗೆ ಹೊಳೆಯಲಿಲ್ಲ. ಅಳತೆ ಟೇಪು ಕೈಯಲ್ಲಿ ಹಿಡಿದು, ಕತ್ತೆತ್ತಿ ಆಕಾಶ ನೋಡುತ್ತಾ ಅಂಗಳದ ನಡುವೆ ನಿಂತೇ ಇದ್ದ. ಎಲ್ಲೋ ಯಾರೋ ಸಿಳ್ಳೆ ಹಾಕಿದ ಹಾಗೆ ಸದ್ದು...

ಮರುಕ್ಷಣ ಒಂದು ಕೈ ಅವನ ಕಾಲರ್ ಹಿಡಿದು ಎಳೆಯಿತು. ಕಾಲು ಜಾರಿ, ತಾನೇ ಬೆಳಗ್ಗೆ ಅಗೆಸಿದ್ದ ಗುಂಡಿಯೊಳಗೆ ಬೋರಲು ಬಿದ್ದ.

ಧಡಾರ್!

ನೆಲ ನಡುಗಿತು. ಬೆನ್ನ ಮೇಲೆ ಮಣ್ಣು ಸುರಿಯಿತು. ಊರಿನ ನಾಯಿಗಳೆಲ್ಲ ಒಟ್ಟಿಗೆ ಬೊಗಳತೊಡಗಿದವು.

ಅವನು ನಿಧಾನಕ್ಕೆ ಮುಖ ಎತ್ತಿದ. ಎದುರಿಗೆ ಕೆಸರು ಮೆತ್ತಿದ ಒಂದು ಮುಖ. ಹಸಿರು ದುಪಟ್ಟಾ. ಸಿಟ್ಟಿನಲ್ಲಿ ಹೊಳೆಯುವ ಎರಡು ಕಣ್ಣು.

"ಮೇಲೆ ನೋಡ್ತಾ ನಿಂತ್ಕೊಂಡ್ರೆ ಷೆಲ್ಲು ನಿಮಗೆ ನಮಸ್ಕಾರ ಹೇಳಿ ಪಕ್ಕಕ್ಕೆ ಹೋಗತ್ತಾ?"

"ಅಲ್ಲ... ಮೊನ್ನೆ ತಾನೇ ಎರಡೂ ಕಡೆಯವರು ಕೂತು ಮಾತಾಡಿ ಕದನವಿರಾಮ ಅಂದ್ರಲ್ಲ?"

ಅವಳು ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ನಕ್ಕುಬಿಟ್ಟಳು! ಮೇಲೆ ಗುಂಡು ಹಾರುತ್ತಿದ್ದರೆ, ಮೊಣಕಾಲುದ್ದದ ಕೆಸರಿನಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ ಸಾಹೇಬ್ರೇ! ಆ ಕದನವಿರಾಮ ನಮ್ಮ ಪಕ್ಕದ್ಮನೆ ಬಿಮ್ಲಾ ಚಾಚಿಯ ಏಕಾದಶಿ ಉಪವಾಸ ಇದ್ದ ಹಾಗೆ. ಬೆಳಗ್ಗೆ ಹಿಡೀತಾರೆ, ಮಧ್ಯಾಹ್ನದ ಹೊತ್ತಿಗೆ ಮುರೀತಾರೆ!"

ಸಾವು ಪಕ್ಕದ ಗದ್ದೆಗೆ ಬಂದು ಹೋಗಿದೆ. ಆದರೂ ಓಂಕಾರನಿಗೆ ಕೇಳಿಸಿದ್ದು ಆ ನಗು ಮಾತ್ರ...

ನಮ್ಮೂರು ಚಕ್ ಬಸಂತಾ ಜಮ್ಮುವಿನ ಕೆಳಗಿನ ಬಯಲಿನಲ್ಲಿದೆ. ನಮ್ಮ ಗದ್ದೆ ಮುಗಿದಲ್ಲಿ ತಂತಿಬೇಲಿ, ಬೇಲಿಯ ಆಚೆ ಪಾಕಿಸ್ತಾನದವರ ಗದ್ದೆ. ಎರಡೂ ಕಡೆ ಅದೇ ಬಾಸ್ಮತಿ, ಒಂದೇ ಹೊತ್ತಿಗೆ ತೆನೆ ಬಾಗುತ್ತದೆ. ಕೊಯ್ಲಿನ ದಿನಗಳಲ್ಲೇ ಗುಂಡಿನ ಹಾರಾಟವೂ ಜಾಸ್ತಿ.

ಆ ಹುಡುಗಿ ತೃಪ್ತಾ. ಸಂಸಾರ್ ಚಂದರ ಒಬ್ಬಳೇ ಮಗಳು, ಊರಿನ ಆಶಾ ಕಾರ್ಯಕರ್ತೆ. ಯಾವ ಬಾಣಂತಿಗೆ ಜ್ವರ, ಯಾವ ಮುದುಕರಿಗೆ ಬಿಪಿ ಎಂಬುದೆಲ್ಲ ಅವಳ ನಾಲಿಗೆಯ ತುದಿಯಲ್ಲಿ. ಷೆಲ್ ಬೀಳತೊಡಗಿದರೆ ಎಲ್ಲರನ್ನೂ ಒಳಗೆ ಕಳಿಸಿ, ಕೊನೆಗೆ ತಾನು ಒಳಗೆ ಹೋಗುವವಳು.

ಓಂಕಾರ್ ಬಸೋಹ್ಲಿಯ ಗುಡ್ಡದ ಕಡೆಯವನು, ಕಿರಿಯ ಇಂಜಿನಿಯರ್. ಮನೆಮನೆಗೂ ಬಂಕರ್ ಕಟ್ಟಿಸಲು ಸರ್ಕಾರ ಅವನನ್ನು ಕಳಿಸಿತ್ತು. ಮೊದಲ ಬಂಕರೇ ಸಂಸಾರ್ ಚಂದರ ಅಂಗಳದಲ್ಲಿ.

"ಈ ಮೆಟ್ಟಿಲು ಇಷ್ಟು ಎತ್ತರ ಇದ್ರೆ ನಮ್ಮಜ್ಜಿ ಇಳಿಯೋ ಹೊತ್ತಿಗೆ ಯುದ್ಧವೇ ಮುಗಿದಿರತ್ತೆ," ಎಂದಳು ತೃಪ್ತಾ.

"ನಕ್ಷೆಯಲ್ಲಿ ಹೀಗೇ ಇದೆ."

"ನಕ್ಷೆಗೆ ಮಂಡಿನೋವಿಲ್ಲ."

ಅವನು ನಕ್ಷೆ ಮಡಚಿ ಜೇಬಿಗಿಟ್ಟ. ಆಮೇಲೆ ಮೇಸ್ತ್ರಿಯನ್ನು ಕರೆದು ಮೆಟ್ಟಿಲು ಒಡೆಸಿದ. ತಗ್ಗು ಮೆಟ್ಟಿಲು, ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು. ಅಜ್ಜಿಯನ್ನು ತಾನೇ ಕೈಹಿಡಿದು ಇಳಿಸಿ, ಹತ್ತಿಸಿ, ಮತ್ತೆ ಇಳಿಸಿ ನೋಡಿದ.

ತೃಪ್ತಾ ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳು. *ಇವನು ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾನೆ... ಗಂಡಸರಲ್ಲಿ ಇಂಥವರೂ ಇರುತ್ತಾರಾ?*

ಅಲ್ಲಿಂದ ಅವರ ಅಂಗಳದ ಕೆಲಸ ಮುಗಿಯಲೇ ಇಲ್ಲ. ಇವತ್ತು ಗಿಲಾವು ಸರಿಯಿಲ್ಲ, ನಾಳೆ ನೀರು ಜಿನುಗುತ್ತಿದೆ... ಓಂಕಾರನಿಗೆ ದಿನವೂ ಒಂದು ನೆಪ.

ಬಿಮ್ಲಾ ಚಾಚಿ ಎಮ್ಮೆಗೆ ಹುಲ್ಲು ಹಾಕುತ್ತಲೇ ಅಂಗಳದ ಬೇಲಿಯ ಮೇಲಿಂದ ಕೂಗಿದಳು. "ಏನ್ರೀ ಇಂಜಿನಿಯರ್ ಸಾಹೇಬ್ರೇ, ನಿಮ್ಮ ಟೇಪು ನಮ್ಮ ಮನೆಗೆ ಬರೋ ಹೊತ್ತಿಗೆ ತುಂಡಾಗತ್ತಾ? ಆ ಮನೆಯಲ್ಲೇ ಯಾಕೆ ಅಷ್ಟು ಉದ್ದ?"

ತೃಪ್ತಾಳ ಕೆನ್ನೆ ಕೆಂಪಾಯಿತು. ಓಂಕಾರ್ ತಪ್ಪಾಗಿ ಅಳೆದ. ಮೇಸ್ತ್ರಿ ಮುಖ ತಿರುಗಿಸಿಕೊಂಡು ನಕ್ಕ.

ಆದರೆ ತೃಪ್ತಾಳ ಎದೆಯಲ್ಲಿ ಒಂದು ಹಳೆಯ ಮುಳ್ಳಿತ್ತು. ಅವಳನ್ನು ನೋಡಲು ಬಂದ ಗಂಡಿನ ಕಡೆಯವರೆಲ್ಲ ಹುಡುಗಿ ಚಂದ, ಮನೆ ಚಂದ ಅನ್ನುತ್ತಿದ್ದರು. ಅಷ್ಟರಲ್ಲಿ ದೂರದಲ್ಲಿ ಒಂದು ಸದ್ದು ಕೇಳಿದರೆ ಸಾಕು, ಅರ್ಧ ಕುಡಿದ ಚಹಾ ಬಿಟ್ಟು ಕಾರು ಹತ್ತುತ್ತಿದ್ದರು. ಆ ಲೋಟಗಳನ್ನು ತೊಳೆಯುವಾಗ ಅವಳು ಅಳುತ್ತಿರಲಿಲ್ಲ. ಜೋರಾಗಿ ಉಜ್ಜುತ್ತಿದ್ದಳು, ಅಷ್ಟೇ.

ಬಂಕರ್ ಮುಗಿದ ದಿನ ಕಾಲುವೆಯ ಏರಿಯ ಮೇಲೆ ಓಂಕಾರ್ ಅವಳನ್ನು ನಿಲ್ಲಿಸಿದ.

"ತೃಪ್ತಾ ಜೀ... ನಾನು ಜಮ್ಮುವಿನಲ್ಲಿ ಒಂದು ಮನೆ ನೋಡಿದೀನಿ. ಸಣ್ಣದು. ಆದ್ರೆ ಗಟ್ಟಿ. ನೀವು ಹೂಂ ಅಂದ್ರೆ ನಮ್ಮಮ್ಮನ್ನ ನಿಮ್ಮ ಪಿತಾಜಿ ಹತ್ರ ಕಳಿಸ್ತೀನಿ."

ಅವಳ ಎದೆ ಡೋಲಿನಂತೆ ಬಡಿದುಕೊಂಡಿತು. *ಹೂಂ ಅನ್ನು... ಹೂಂ ಅನ್ನೇ ಹುಚ್ಚಿ!*

ಅವಳು ಬಾಯಿ ತೆರೆಯುವ ಮೊದಲೇ ಅವನು ಮುಂದುವರಿಸಿಬಿಟ್ಟ. "ನಿಮ್ಮನ್ನ ಇಲ್ಲಿಂದ ಬಿಡಿಸ್ಕೊಂಡು ಹೋಗ್ತೀನಿ. ಮತ್ತೆ ಈ ಕಡೆ ಬರೋದೇ ಬೇಡ. ಇದೇನು ಮನುಷ್ಯರು ಬದುಕೋ ಜಾಗನಾ?"

ಡೋಲು ನಿಂತಿತು.

"ಬಿಡಿಸ್ಕೊಂಡು? ನಾನೇನು ಜೈಲಲ್ಲಿದೀನಾ?"

"ಹಾಗಲ್ಲ, ನಾನು ಹೇಳಿದ್ದು..."

"ನಮ್ಮಜ್ಜಿ ಮನುಷ್ಯಳಲ್ವಾ? ಚಾಚಿ? ಷೆಲ್ ಬೀಳೋ ದಿನಾನೂ ಹೆರಿಗೆ ಆಗತ್ತೆ ಇಲ್ಲಿ. ಹುಟ್ಟಿದ ಮಗು ಮನುಷ್ಯ ಅಲ್ವಾ?" ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ಬೇರೆಯವರು ಚಹಾನಾದ್ರೂ ಅರ್ಧ ಕುಡಿದು ಹೋದ್ರು. ನೀವು ನಮ್ಮನೇಲಿ ಇಷ್ಟು ದಿನ ಊಟ ಮಾಡಿ ಹೀಗಂದ್ರಲ್ಲ!"

ದುಪಟ್ಟಾ ಹೆಗಲಿಗೆಳೆದುಕೊಂಡು ಹೊರಟೇ ಹೋದಳು.

ಮರುದಿನ ಅವನಿಗೆ ಮತ್ತೊಂದು ಗಡಿ ಊರಿಗೆ ಹೋಗಲು ಆದೇಶ ಬಂತು. ಅವನು ಫೋನ್ ಮಾಡಿದ. ಅವಳು ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ. *ಓಡಿಹೋದ. ಇವನೂ ಓಡಿಹೋದ...* ಎಂದುಕೊಂಡಳು ತೃಪ್ತಾ. ಅದು ನಿಜವಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ.

ಚಳಿಗಾಲ ಕಳೆಯಿತು. ಸಾಸಿವೆ ಹೊಲಗಳು ಹಳದಿಯಾದವು. ಬಿಮ್ಲಾ ಚಾಚಿಯ ಮಗಳು ರೀನುವಿನ ಮದುವೆ ಬಂತು. ಹಗಲು ಲಗ್ನ. ಪಕ್ಕದ ಊರಿನ ಗಂಡು, ದಿಬ್ಬಣ ಬೆಳಗ್ಗೆಯೇ ಬಂದಿಳಿಯಿತು. ಅಂಗಳದಲ್ಲಿ ಅಡುಗೆಯ ಭಟ್ಟರು ರಾಜ್ಮಾ, ಅಂಬಲ್ ಎಂಬ ಕುಂಬಳದ ಹುಳಿ ಕುದಿಸುತ್ತಿದ್ದರು. ಹೆಂಗಸರು ಢೋಲಕ್ ಬಡಿದು ಗಂಡಿನ ಮೀಸೆಯ ಮೇಲೆ ಹಾಡು ಕಟ್ಟುತ್ತಿದ್ದರು.

ಸಿಳ್ಳೆಯ ಸದ್ದು!

"ಒಳಗೆ! ಎಲ್ರೂ ಒಳಗೆ!" ತೃಪ್ತಾ ಕೂಗಿದಳು.

ಜರಿ ಸೀರೆ, ಪೇಟ, ಢೋಲಕ್, ಮದುಮಗ ಎಲ್ಲವೂ ಬಂಕರುಗಳ ಕಡೆ ಓಡಿದವು. ಅಜ್ಜಿ ಸರಳು ಹಿಡಿದು ಎಲ್ಲರಿಗಿಂತ ಮೊದಲೇ ಇಳಿದಾಗಿತ್ತು. ತೃಪ್ತಾ ಕೊನೆಯವಳಾಗಿ ಒಳಗೆ ಹಾರಿದಳು. ಅಷ್ಟರಲ್ಲಿ ಅಂಗಳದ ಅಂಚಿನಲ್ಲಿ ಒಂದು ಷೆಲ್ ಸಿಡಿಯಿತು. ಅವಳ ಮನೆಯ ಅಡುಗೆಕೋಣೆಯ ಗೋಡೆ ಕುಸಿಯಿತು.

ಬೆಳಗಿನಿಂದ ಅಜ್ಜಿ ಕೂತಿದ್ದು ಅದೇ ಗೋಡೆಯ ಪಕ್ಕದಲ್ಲಿ.

ತೃಪ್ತಾ ಅಜ್ಜಿಯನ್ನು ಅಪ್ಪಿಕೊಂಡಳು. ಕೈ ತಂತಾನೇ ಆ ತಗ್ಗು ಮೆಟ್ಟಿಲನ್ನು ಸವರಿತು. *ಎಲ್ಲಿದ್ದೀಯೋ...*

ಸ್ವಲ್ಪ ಹೊತ್ತಿಗೆ ಗುಂಡು ನಿಂತಿತು. ಎಲ್ಲರೂ ಕ್ಷೇಮ. ಹೊರಗೆ ಇಣುಕಿದರೆ ನೀರಿನ ಡ್ರಮ್ಮಿಗೆ ಚೂರು ತಗುಲಿ, ತೂತಿನಿಂದ ನೀರು ಚಿಮ್ಮುತ್ತಿತ್ತು.

"ನೋಡ್ರೇ!" ಎಂದಳು ಚಾಚಿ. "ನಲ್ಲಿ ಹಾಕ್ಸಿ ಅಂತ ಪಂಚಾಯ್ತಿಗೆ ಎಷ್ಟು ಸಲ ಹೇಳಿದ್ದೆ! ಕೊನೆಗೆ ಆಚೆಯವರೇ ಹಾಕಿಸ್ಕೊಟ್ರು!"

ಬಂಕರ್ ತುಂಬಾ ನಗು. ಆದರೆ ಮರುಕ್ಷಣ ಚಾಚಿಯೇ ಸೆರಗು ಬಾಯಿಗಿಟ್ಟು ಅಳತೊಡಗಿದಳು. "ಪಂಡಿತರನ್ನ ಸೇತುವೆ ಹತ್ರ ಪೊಲೀಸರು ತಡೆದಿದಾರಂತೆ. ಮುಹೂರ್ತ ಮೀರಿದ್ರೆ ನನ್ನ ಮಗಳ ಗತಿಯೇನು?"

ಆಗಲೇ ಹೊಲದ ಕಡೆಯಿಂದ ಟ್ರ್ಯಾಕ್ಟರಿನ ಸದ್ದು.

ಸಾಸಿವೆ ಹೊಲಗಳ ನಡುವಿನ ಗಾಡಿದಾರಿಯಲ್ಲಿ ಕುಣಿಯುತ್ತಾ ಬರುತ್ತಿತ್ತು ಅದು. ಹಿಂದಿನ ಟ್ರಾಲಿಯಲ್ಲಿ ಹುಲ್ಲಿನ ಮೂಟೆಗಳು, ಅವುಗಳ ನಡುವೆ ಹಾಸಿಗೆಯೊಂದನ್ನು ತಲೆಯ ಮೇಲೆ ಹೊತ್ತು ಕೂತ ಪಂಡಿತರು! ಮುಂದೆ, ಕೆಸರಿನಲ್ಲಿ ಮುಳುಗೆದ್ದವನಂತೆ...

"ಓಂಕಾರ್!"

ಹೆಸರು ತೃಪ್ತಾಳ ಬಾಯಿಂದ ಎಷ್ಟು ಜೋರಾಗಿ ಬಂತೆಂದರೆ ಇಡೀ ದಿಬ್ಬಣ ತಿರುಗಿ ನೋಡಿತು.

ಪಂಡಿತರು ಹಾಸಿಗೆಯಿಂದ ಹೊರಬಂದು ಏದುಸಿರು ಬಿಟ್ಟರು. "ಸೇತುವೆ ಬಿಟ್ಟು ಹಳ್ಳದಲ್ಲೇ ಇಳಿಸಿ ತಂದ ಈ ಮಹಾಶಯನಿಗೆ ಮದುವೆ ಆಗಿದ್ಯಾ?"

"ಇಲ್ಲ," ಎಂದರು ಸಂಸಾರ್ ಚಂದ್.

"ಬೇಗ ಮಾಡ್ಸಿ! ಹೆಂಡ್ತಿ ಇಲ್ಲದವನು ಮಾತ್ರ ಹೀಗೆ ಗಾಡಿ ಓಡಿಸೋದು!"

ಬಂಕರಿನ ಬಾಯಲ್ಲೇ ಅಗ್ನಿ ಉರಿಯಿತು. ರೀನು ಮತ್ತು ಅವಳ ಗಂಡ ಸುತ್ತು ಬಂದದ್ದು ಓಟವೋ ನಡಿಗೆಯೋ ಹೇಳುವುದು ಕಷ್ಟ. ದೂರದಲ್ಲಿ ಒಂದು ಸದ್ದಾದರೆ ಪಂಡಿತರ ಮಂತ್ರ ಚುರುಕಾಗುತ್ತಿತ್ತು. "ನಿಧಾನ ಪಂಡಿತ್‌ಜಿ, ಅರ್ಧ ಮದುವೆ ಮಾಡ್ಬೇಡಿ!" ಎಂದು ಹೆಂಗಸರು ಕೀಟಲೆ ಮಾಡಿದರು. ಕೊನೆಯ ಸುತ್ತು ಮುಗಿದಾಗ ಎದ್ದ ಕೇಕೆ ಬೇಲಿಯ ಆಚೆಗೂ ಕೇಳಿಸಿರಬೇಕು.

ಊಟದ ಹೊತ್ತಿಗೆ ಓಂಕಾರ್ ಒಬ್ಬನೇ ಡ್ರಮ್ಮಿನ ತೂತಿಗೆ ಗೋಧಿಹಿಟ್ಟಿನ ಉಂಡೆ ಮೆತ್ತುತ್ತಿದ್ದ. ತೃಪ್ತಾ ಅನ್ನ, ರಾಜ್ಮಾ ಇಟ್ಟ ಎಲೆ ತಂದು ಮುಂದೆ ಹಿಡಿದಳು.

"ಯಾರು ಕರೆದಿದ್ದು ನಿಮ್ಮನ್ನ?"

"ನಿಮ್ಮ ಪಿತಾಜಿ."

"ಸೇತುವೆ ಮುಚ್ಚಿತ್ತು. ಗುಂಡು ಬೀಳ್ತಿತ್ತು. ವಾಪಸ್ ಹೋಗ್ಬಹುದಿತ್ತು."

"ಒಂದು ಸಲ ಹೋಗಿದ್ದೇ ಸಾಕಾಗಿತ್ತು." ಅವನು ಕೈ ಒರೆಸಿಕೊಂಡ. "ತೃಪ್ತಾ ಜೀ, ಅವತ್ತು ನನಗೆ ಊರಿನ ಮೇಲೆ ತಾತ್ಸಾರ ಇರ್ಲಿಲ್ಲ. ಭಯ ಇತ್ತು. ನಿಮಗೇನಾದ್ರೂ ಆದ್ರೆ ಅನ್ನೋ ಭಯ. ಅದು ಬಾಯಿಗೆ ಬರುವಾಗ ಕೆಟ್ಟ ಮಾತಾಗಿ ಬಂತು. ಆಮೇಲೆ ಇಡೀ ಚಳಿಗಾಲ ಇನ್ನೊಂದು ಗಡಿ ಊರಲ್ಲಿದ್ದೆ. ಗುಂಡು ನಿಂತ ತಕ್ಷಣ ಅಲ್ಲಿಯವರೂ ಮೊದಲು ಎಮ್ಮೆ ಹಾಲು ಕರೆಯೋಕೆ ಹೋಗ್ತಾರೆ. ಅವರ ಜೊತೆ ನಾನೂ ಹೋದೆ. ಆಗ ಅರ್ಥ ಆಯ್ತು."

ಅವಳು ಎಲೆಯನ್ನು ಅವನ ಕೈಗಿಟ್ಟಳು. ಕಣ್ಣಂಚು ಒದ್ದೆಯಾಗಿತ್ತು.

"ಕುಸಿದ ಗೋಡೆ ನೋಡ್ದೆ..." ಅವನು ಆ ಕಡೆ ತಿರುಗಿದ. "ಅಜ್ಜಿ..."

"ನಿಮ್ಮ ಮೆಟ್ಟಿಲಲ್ಲಿ ಓಡಿ ಇಳಿದ್ರು. ಮದುಮಗನ್ನೂ ಹಿಂದೆ ಹಾಕಿ!"

ಇಬ್ಬರೂ ನಕ್ಕರು. ನಗುತ್ತಲೇ ಅವಳ ಕಣ್ಣೀರು ಇಳಿಯಿತು.

"ನಾನು ಫೋನ್ ಎತ್ಬೇಕಿತ್ತು," ಎಂದಳು ಮೆಲ್ಲಗೆ. "ನೀವೂ ಓಡಿಹೋದ್ರಿ ಅಂದ್ಕೊಂಡೆ."

"ಈ ಊರಿಗೇ ಪೋಸ್ಟಿಂಗ್ ಕೇಳಿ ಕಚೇರಿ ಬಾಗಿಲು ಸವೆಸ್ತಿದ್ದೆ. ಮೊನ್ನೆ ಕೊಟ್ರು. ಪಿತಾಜಿ ಹತ್ರ ಶಾಲೆ ಹಿಂದಿನ ನಿಮ್ಮ ಜಾಗ ಕೇಳಿದೀನಿ, ಮನೆ ಕಟ್ಟೋಕೆ."

"ಓಹೋ! ಪಿತಾಜಿನ ಕೇಳಿದ್ರಿ. ಸರ್ಕಾರಾನ ಕೇಳಿದ್ರಿ. ನನ್ನ ಕೇಳೋದು ಯಾವಾಗ?"

"ಅದಕ್ಕೇ ಹೊಲ ದಾಟಿ ಬಂದೆ. ನಿಮ್ಮ ಊರಲ್ಲಿ ನನ್ನನ್ನ ಇಟ್ಕೊಳ್ತೀರಾ, ತೃಪ್ತಾ?"

ಅವಳು ಉತ್ತರಿಸುವ ಮುಂಚೆ ಬಂಕರಿನ ಬಾಯಿಂದ ಚಾಚಿಯ ದನಿ ಬಂತು. "ಹೂಂ ಅನ್ನೇ! ಪಂಡಿತರು ಇನ್ನೂ ಇಲ್ಲೇ ಇದಾರೆ!"

ಸಂಜೆ ರೀನು ಅಳುತ್ತಾ, ನಗುತ್ತಾ ಗಂಡನ ಮನೆಗೆ ಹೊರಟಳು. ಎರಡೂ ಕಡೆಯ ಅಧಿಕಾರಿಗಳು ಮಾತಾಡಿದ್ದಾರಂತೆ, ಇನ್ನು ಗುಂಡಿಲ್ಲವಂತೆ ಎಂಬ ಸುದ್ದಿ ಬಂತು. ಯಾರೂ ಪೂರ್ತಿ ನಂಬಲಿಲ್ಲ. ಆದರೂ ಡೋಲಿನವನು ಇನ್ನೂ ಜೋರಾಗಿ ಬಡಿದ.

ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ತೃಪ್ತಾ, ಓಂಕಾರ್ ನಿಂತಿದ್ದರು. ಅವನು ಕಾಲಿನಿಂದ ಮಣ್ಣಿನಲ್ಲಿ ಗೆರೆ ಎಳೆದ.

"ಇಲ್ಲಿ ಬಾಗಿಲು. ಇಲ್ಲಿ ಅಡುಗೆಕೋಣೆ."

"ಈ ಕಡೆ ಕಿಟಕಿ," ಎಂದಳು ಅವಳು, ಬೇಲಿಯ ಕಡೆ ಕೈ ತೋರಿಸಿ.

ಅವನು ಬೆಚ್ಚಿದ. "ಪಡುವಣಕ್ಕಾ? ಊರಲ್ಲಿ ಯಾರೂ ಆ ಕಡೆ ಕಿಟಕಿ ಇಟ್ಟಿಲ್ಲ!"

"ಗೊತ್ತು. ಅದಕ್ಕೇ ನಮ್ಮಲ್ಲಿ ಯಾರೂ ಮನೆಯೊಳಗೆ ಕೂತು ಸೂರ್ಯ ಮುಳುಗೋದು ನೋಡಿಲ್ಲ."

"ಗುಂಡು ಬಂದ್ರೆ?"

"ಬಂದ ದಿನ ನೀವು ಮುಚ್ಚಿ."

"ಬರದ ದಿನ?"

ಅವಳು ಮೊದಲ ಬಾರಿಗೆ ತಾನಾಗಿ ಅವನ ಕೈ ಹಿಡಿದಳು.

"ನಾನು ತೆರೀತೀನಿ. ಇಬ್ರೂ ಕೂತು ಪೂರ್ತಿ ಲೋಟ ಚಹಾ ಕುಡಿಯೋಣ."