ಕೆಂಪು ದಾರ ಕಟ್ಟಿದ ರಜಾಯಿ

ಚಳಿ ಹಿಂದೆ ಸರಿದು, ಹಿತ್ತಲಿನ ಬೋಳು ಮರ ಚಿಗುರಿಗೆ ಬಾಯಿಬಿಡುತ್ತಿದ್ದ ದಿನಗಳವು. ಒಂದು ಬೆಳಗ್ಗೆ, ಒಲೆಯ ಮೇಲೆ ಹಾಲು ಉಕ್ಕುವ ಹೊತ್ತಿಗೆ, ಅತ್ತೆಯ ಕೂಗು ಮನೆಯನ್ನೇ ಸೀಳಿತು.

"ಎಲ್ಲಿ... ನನ್ನ ಮಗನ ರಜಾಯಿ ಎಲ್ಲಿ!"

ಅದು ರಜಾಯಿ ಹೊಲಿಯುವವರ ಮನೆ. ಚಳಿಗಾಲ ಮುಗಿದೊಡನೆ ಊರವರ ರಜಾಯಿಗಳೆಲ್ಲ ಅಲ್ಲಿಗೆ ಬಂದು ಬೀಳುತ್ತಿದ್ದವು. ಹೊಲಿಗೆ ಬಿಚ್ಚಿ ಗವಸು ಕುದಿಸುವುದು ಸೊಸೆಯ ಪಾಲು, ಗಂಟುಕಟ್ಟಿದ ಹತ್ತಿಯನ್ನು ಹಿಂಜಿ ಬಿಸಿಲಿಗೆ ಹರಡುವುದು ಮಾವನ ಪಾಲು, ತಿರುಗಿ ಹೊಲಿಯುವುದು ಅತ್ತೆಯ ಪಾಲು. ಒಂದನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ನಡುಚಳಿಯಲ್ಲಿ ಎದೆಯ ಕಾಯಿಲೆಯಿಂದ ಮಗ ಕಣ್ಣುಮುಚ್ಚಿದ್ದು ಅದನ್ನು ಹೊದ್ದುಕೊಂಡೇ. ಅಂದಿನಿಂದ ಅತ್ತೆ ಅದನ್ನು ತೊಳೆಯಗೊಡಲಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದಕ್ಕೆ ಮುಖವಿಟ್ಟು, ಪಕ್ಕದಲ್ಲಿ ಮೊಮ್ಮಗಳು ಚಿಣ್ಣಿಯನ್ನು ಅವುಚಿಕೊಂಡು ಮಲಗುತ್ತಿದ್ದಳು. ದೇವರ ಜೊತೆ ಮಾತು ಬಿಟ್ಟಿದ್ದಳು. ಸೊಸೆಯ ಜೊತೆಗೂ ಅಷ್ಟೇ, ಬಾಯಿ ತೆರೆದರೆ ಅದು ಬೈಯುವುದಕ್ಕೆ.

ಸೊಸೆ ಹಂಡೆಯ ಮುಂದಿನಿಂದ ಎದ್ದು ಬಂದಳು. ಕೈಯಲ್ಲಿ ಹಿಂಡಿದ ಗವಸು, ಅದರಿಂದ ತೊಟತೊಟನೆ ನೀರು...

"ಅತ್ತೆ... ಮೂಲೆಗೆ ಕೆಂಪು ದಾರ ಇತ್ತು. ನೀವೇ ಮನಸ್ಸು ಮಾಡಿದ್ರಿ ಅಂದ್ಕೊಂಡೆ..."

ಆ ಮನೆಯಲ್ಲಿ ಕೆಂಪು ದಾರ ಎಂದರೆ ಬಿಚ್ಚಿ ಕುದಿಸುವುದು, ಬಿಳಿ ದಾರ ಎಂದರೆ ಬರೀ ಬಿಸಿಲಿಗೆ ಹಾಕುವುದು. ಕೋಣೆಗೆ ಹುಳ ಬಿದ್ದು ಎಲ್ಲವನ್ನೂ ಹಿಂದಿನ ದಿನ ಜಗಲಿಗೆ ಹಾಕಿದ್ದರು. ಬೇರೆಯವರ ರಜಾಯಿಗಳ ಜೊತೆ ಬೆರೆಯದಿರಲೆಂದು, ಕತ್ತಲು ತುಂಬಿದ ಆ ಕೋಣೆಯಲ್ಲಿ, ಅಳುಗಣ್ಣಿನಲ್ಲಿ, ಬಿಳಿಯೆಂದುಕೊಂಡು ಕೆಂಪು ದಾರ ಕಟ್ಟಿದವಳು ಅತ್ತೆಯೇ!

"ಮನಸ್ಸು ಮಾಡೋಕೆ ನಾನೇನು ಕಲ್ಲಾ? ನನ್ನ ಮಗನನ್ನ ತಿಂದೆ, ಈಗ ಅವನ ವಾಸನೆನೂ ತೊಳೆದು ಚರಂಡಿಗೆ ಬಿಟ್ಟೆಯಲ್ಲೇ! ಹೋಗು... ನಿನ್ನ ಅಕ್ಕನ ಊರಿನ ಲಾಂಡ್ರಿ ಕೆಲಸಕ್ಕೆ ಕುಣೀತಿದ್ದೆಯಲ್ಲ, ಹೋಗು. ಮಗು ಮಾತ್ರ ಈ ಹೊಸಿಲು ದಾಟೋಲ್ಲ!"

"ಬೈಯಿರಿ ಅತ್ತೆ, ಹೊಡೀರಿ. ಆದ್ರೆ ಅವಳಿಗೂ ಅದೇ ಕೆಮ್ಮು ಶುರುವಾಗಿದೆ... ರಾತ್ರಿಯಿಡೀ ಕೇಳಿಸ್ಕೊಂಡು ಗೋಡೆ ಈಚೆ ನಾನು ಕೂತಿರ್ತೀನಿ. ಅವಳನ್ನ ನನಗೆ ಕೊಡಿ!"

ಆ ಕೆಮ್ಮನ್ನು ಅತ್ತೆಯೂ ಕೇಳಿದ್ದಳು. ಕೇಳಿಯೂ ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ.

ಮಾವ ಹಿಂಜುವ ಬಿಲ್ಲನ್ನು ಕೆಳಗಿಟ್ಟ. ಮಾತಾಡಿದರೆ ಮುತ್ತು ಉದುರೀತೆಂದು ಹೆಂಡತಿಯೇ ಹಂಗಿಸುತ್ತಿದ್ದ ಮನುಷ್ಯ.

"ಲೇ... ನೀನು ಮೂಸ್ತಾ ಇದ್ದದ್ದು ಮಗನ ವಾಸನೆ ಅಲ್ಲ ಕಣೇ. ಕಾಯಿಲೇದು. ಅವನು ಹತ್ತಿ ಧೂಳು, ಬಿಸಿಲು, ಬೆವರು ವಾಸನೆ ಬರ್ತಿದ್ದ. ಮರೆತೆಯಾ?"

ಅತ್ತೆ ಹೋಗಿ ಹಿತ್ತಲಿನ ಮೆಟ್ಟಿಲ ಮೇಲೆ ಕುಳಿತಳು. ಎದುರಿಗೆ ಮಗನ ಹತ್ತಿ... ಗಂಟೆಲ್ಲ ಬಿಟ್ಟು, ಉಬ್ಬಿ, ಬೆಳ್ಳಗೆ ಹರಡಿತ್ತು. ಎಷ್ಟು ಹೊತ್ತು ಹಾಗೇ ನೋಡುತ್ತ ಕುಳಿತಳೋ! ಬಿಸಿಲು ನೆರಿಗೆ ಬಿದ್ದ ಪಾದಕ್ಕೆ ಬಂತು, ಮೊಣಕಾಲಿಗೆ ಬಂತು, ಮಡಿಲಿಗೆ ಬಂತು. ಅಷ್ಟು ದಿನ ಬಾಗಿಲು ಹಾಕಿ ಹೊರಗೆ ನಿಲ್ಲಿಸಿದ್ದರೂ ಅದಕ್ಕೆ ಅವಳ ಮೇಲೆ ಮುನಿಸಿರಲಿಲ್ಲ. ಮರದ ತುದಿಯಲ್ಲಿ ಯಾವುದೋ ಹಕ್ಕಿ, ಈ ಮನೆಯ ಸಾವಿನ ಸುದ್ದಿಯೇ ತಿಳಿಯದಂತೆ ಕೂಗುತ್ತಿತ್ತು. ಮೊದಲು ಅದರ ಮೇಲೆ ಅವಳಿಗೆ ಸಿಟ್ಟು ಬಂತು. ಆಮೇಲೆ ಸಿಟ್ಟೂ ಸುಸ್ತಾಯಿತು.

ಹತ್ತಿಯೊಳಗೆ ಕೈ ತೂರಿಸಿದಳು. ಬೆಚ್ಚಗಿತ್ತು. ಜ್ವರದ ಬಿಸಿಯಲ್ಲ... ಆಗಷ್ಟೇ ಸ್ನಾನ ಮಾಡಿಸಿದ ಕೂಸಿನ ಬೆನ್ನಿನ ಹಾಗೆ. "ಅಪ್ಪಾ, ದೇವರೇ..." ಎಂದಿತು ಬಾಯಿ, ತಾನಾಗಿಯೇ. ಬೇಡಿದ್ದೂ ಅಲ್ಲ, ಬೈದದ್ದೂ ಅಲ್ಲ. ಅಷ್ಟರಲ್ಲೇ ಕಟ್ಟೆಯೊಡೆದು, ಚಳಿಗಾಲದಿಂದ ಅದುಮಿಟ್ಟಿದ್ದ ಅಳು ಬಿಕ್ಕಿಬಿಕ್ಕಿ ಹೊರಬಂತು.

ಒಳಗಿನಿಂದ ಚಿಣ್ಣಿ ಕೆಮ್ಮಿದಳು. ಒಣ ಕೆಮ್ಮು, ಕೊನೆಯಲ್ಲಿ ಸಣ್ಣ ಸಿಳ್ಳೆ. ಮಗನಿಗೂ ಹೀಗೇ ಶುರುವಾದದ್ದು...

ಅತ್ತೆ ಮುಖ ಒರೆಸಿಕೊಂಡು ಎದ್ದಳು. ಸೊಸೆ ಗೋಡೆಗೊರಗಿ ನಿಂತೇ ಇದ್ದಳು.

"ಆ ಊರಲ್ಲಿ ದೊಡ್ಡಾಸ್ಪತ್ರೆ ಇದೆಯಂತಲ್ಲ?"

"ಇದೆ ಅತ್ತೆ. ಅಕ್ಕನ ಮನೆ ಪಕ್ಕದಲ್ಲೇ."

"ಹೋದ ತಕ್ಷಣ ಎದೆ ತೋರಿಸು. ನಾಳೆ, ನಾಡಿದ್ದು ಅನ್ಬೇಡ. ನಾನು ಅನ್ನುತ್ತಾ ಅನ್ನುತ್ತಾನೇ ಕಳಕೊಂಡೆ... ಹಾಗೇನು ನೋಡ್ತೀಯಾ? ಮಗು ನಿನ್ನದು. ಕರ್ಕೊಂಡು ಹೋಗು."

ಸೊಸೆ ಅವಳ ಕಾಲಿಗೆ ಬೀಳಹೋದಳು. ಅತ್ತೆ ರಟ್ಟೆ ಹಿಡಿದು ತಡೆದು, "ಎಲ್ಲಾ ಒದ್ದೆ ಮಾಡ್ಕೊಂಡಿದೀಯ, ಮೊದಲು ಸೀರೆ ಬದಲಾಯಿಸು," ಎಂದು ಗದರಿದಳು. ಹಿಡಿದ ಕೈಯನ್ನು ಮಾತ್ರ ತುಂಬಾ ಹೊತ್ತು ಬಿಡಲಿಲ್ಲ.

ಬಸ್ಸು ಬಂದಾಗ ಮಾವ ಚೀಲ ಏರಿಸಿದ. "ಅಜ್ಜಿ, ನೀನೂ ಬಾ!" ಎಂದು ಚಿಣ್ಣಿ ಸೆರಗು ಹಿಡಿದಳು. "ಹೊಲಿಯೋದು ರಾಶಿ ಬಿದ್ದಿದೆ ಕಣೇ," ಎಂದು ಅತ್ತೆ ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ತಾಯಿ ಮಗಳನ್ನು ಹೊತ್ತು ಬಸ್ಸು ಹೊರಟಿತು; ಅತ್ತೆ ಮನೆಗೆ ಬಂದು, ಮುಚ್ಚಿದ್ದ ಕೋಣೆಯ ಕಿಟಕಿ ತೆರೆದಳು.