ಖಾಲಿ ಮೂಲೆ

ಪೂರ್ವಾಳನ್ನು ಕೊಂದ ಗಾಡಿಗೆ ನಂಬರಿರಲಿಲ್ಲ, ಹೆಸರಿತ್ತು. ಹನ್ನೊಂದು ತಿಂಗಳಿಂದ ಬಿಂದುಮಾಧವನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅದೊಂದೇ. ಪುಣೆಯ ಸಿಂಹಗಡ ರಸ್ತೆಯ ತಿರುವಿನಲ್ಲಿ, ಸಂಜೆ ಐದಕ್ಕೆ, ಕಾಲೇಜಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಇಪ್ಪತ್ತೆರಡರ ಮಗಳನ್ನು ಕರಿ ಜೀಪೊಂದು ಹೊಡೆದುರುಳಿಸಿ ನಿಲ್ಲದೆ ಹೋಗಿತ್ತು. ಕಂಡವಳು ಒಬ್ಬಳೇ, ಅಲ್ಲೇ ಹೂ ಮಾರುವ ಯಾದಗಿರಿ ಕಡೆಯ ಶರಣಮ್ಮ.

"ನಂಬರ್ ಕಾಣ್ಲಿಲ್ರಿ ಅಣ್ಣಾರ. ಪ್ಲೇಟಿನ ಮ್ಯಾಲೆ 'ದಾದಾ' ಅಂತ ಬರದಿತ್ತು, ಅಷ್ಟ ಓದಿದೆ. ಎಡಗಡಿ ದೀಪ ಒಡದಿತ್ತು," ಅಂದಿದ್ದಳು.

ಠಾಣೆಯವರು ಒಂದು ವಾರ ಓಡಾಡಿ, ಇಂಥ ಗಾಡಿ ಜಿಲ್ಲೆಯಲ್ಲಿ ಎಷ್ಟಿಲ್ಲ ಎಂದು ಕೈಚೆಲ್ಲಿದರು.

ವಿಧಿಯ ಅಣಕ ನೋಡಿ, ಅಂಕಿಯನ್ನು ಅಕ್ಷರ ಮಾಡುವುದೇ ಬಿಂದುಮಾಧವನ ಕಸುಬು. ಧಾರವಾಡ ಬಿಟ್ಟು ಪುಣೆಗೆ ಬಂದಾಗಿನಿಂದ ಧನಕವಡಿಯ ಮನೆಯ ಮುಂಭಾಗದಲ್ಲೇ ನಂಬರ್ ಪ್ಲೇಟಿನ ಅಂಗಡಿ. 4141 ಅನ್ನು ಸ್ವಲ್ಪ ಬಾಗಿಸಿ ತಲೆಯ ಮೇಲೊಂದು ಗೆರೆ ಎಳೆದರೆ ಮರಾಠಿಯ 'ದಾದಾ'. 214 'ರಾಮ' ಆಗುತ್ತದೆ. 8055 ಇಂಗ್ಲಿಷಿನ 'ಬಾಸ್'. ಕಾನೂನು ಬೇಡವೆನ್ನುತ್ತದೆ, ಗಿರಾಕಿ ಬೇಕೆನ್ನುತ್ತಾನೆ. ಬಿಂದುಮಾಧವ ಗಿರಾಕಿಯ ಮಾತು ಕೇಳಿದವನು.

ಪೂರ್ವಾ ಬೆಳೆದದ್ದೇ ಈ ಆಟದಲ್ಲಿ. ಸ್ಕೂಟರಿನ ಹಿಂದೆ ಕೂತು ಅಪ್ಪನ ಬೆನ್ನು ತಟ್ಟುತ್ತ, "ಅಪ್ಪಾ, ಅಲ್ನೋಡು, ರಾಮ ಹೊಂಟಾನ! ಅವನ ಹಿಂದ ಬಾಸ್!" ಎಂದು ಸ್ವಾರಗೇಟಿನಿಂದ ಮನೆಯವರೆಗೂ ರಸ್ತೆಯನ್ನೇ ಓದುತ್ತಿದ್ದಳು. ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಅಪ್ಪ ಕಲಿಸಿದ ಕನ್ನಡ. ಆರು ವರ್ಷದವಳಿದ್ದಾಗ, ಸಿದ್ಧವಾಗಿದ್ದ ಪ್ಲೇಟೊಂದರ ಮೂಲೆಯಲ್ಲಿ ಮೊಳೆಯಿಂದ 'ಪೂ' ಎಂದು ಗೀಚಿಟ್ಟಳು. ಬೈಯಲು ಹೋದವನಿಗೆ ನಗು ಬಂತು. ಅಂದಿನಿಂದ ಪ್ರತಿ ಪ್ಲೇಟಿನ ಮೂಲೆಯಲ್ಲೂ ಎಳ್ಳಿನಷ್ಟು ಸಣ್ಣ 'ಪೂ' ಗೀಚುವುದು ಅಂಗಡಿಯ ಪದ್ಧತಿಯಾಯಿತು. ಗಿರಾಕಿಗಳು ಅದನ್ನು ಗಮನಿಸಲಿಲ್ಲ. ವರ್ಷ ಕಳೆದಂತೆ ಅವನೂ ಗಮನಿಸುವುದನ್ನು ಬಿಟ್ಟ.

ಮಗಳು ಹೋದ ಮೇಲೆ ಅವನು ಆ ಆಟವನ್ನು ಒಬ್ಬನೇ ಆಡಿದ. ಉಳಿದವರೆಲ್ಲ 'ದಾದಾ' ಎಂಬ ಹೆಸರನ್ನು ಹುಡುಕಿದ್ದರು, ಅವನು 4141 ಎಂಬ ಅಂಕಿಯನ್ನು ಹುಡುಕಿದ. ಈಗ ಎಲ್ಲರಿಗೂ ಅಂಕಿ ಅಂಕಿಯಾಗಿಯೇ ಕಾಣುವ ಒಂದೇ ನಮೂನೆಯ ಸರ್ಕಾರಿ ಪ್ಲೇಟು ಕಡ್ಡಾಯವಾಗಿತ್ತು. ಅಪಘಾತ ಮಾಡಿದವನು ಹೆಸರನ್ನು ಕಿತ್ತೆಸೆದು ಮೊದಲು ಅದನ್ನೇ ಹಾಕಿಸಿರುತ್ತಾನೆ. ಇಪ್ಪತ್ತಮೂರು 4141ಗಳನ್ನು ನೋಡಿ ಬಂದ. ಇಪ್ಪತ್ತನಾಲ್ಕನೆಯದು ಜಿಲ್ಲೆಯ ಅಂಚಿನ ಶಿರೂರಿನ ಸಿಮೆಂಟ್ ಅಂಗಡಿಯ ಮುಂದೆ ನಿಂತಿತ್ತು. ಕರಿ ಜೀಪು, ಬಲದೀಪ ಹಳದಿಗಟ್ಟಿತ್ತು, ಎಡದೀಪ ಹೊಚ್ಚ ಹೊಸದು. ಪಕ್ಕದ ಚಹಾ ಅಂಗಡಿಯಲ್ಲಿ ಮಾಲೀಕ ವಿಕ್ರಮ ಗೆಳೆಯರಿಗೆ ಮರಾಠಿಯಲ್ಲಿ ಹೇಳಿ ನಗುತ್ತಿದ್ದ: ಸಿಂಹಗಡ ರಸ್ತೆಯಲ್ಲಿ ಒಂದು ಹುಡುಗಿಗೆ ತಗುಲಿಸಿ ಬಂದೆ, ನಂಬರು ಯಾರಿಗೂ ಓದಲಿಕ್ಕೇ ಬರಲಿಲ್ಲ, ಪ್ಲೇಟು ಮಾಡಿದವನ ಕೈಗೆ ಬಂಗಾರದ ಕಡಗ ಹಾಕಬೇಕು.

ಬಿಂದುಮಾಧವ ಚಹಾದ ಲೋಟವನ್ನು ಕೆಳಗಿಟ್ಟ. ಇಂಥ ಪ್ಲೇಟು ಮಾಡುವ ಅಂಗಡಿ ಪುಣೆಯಲ್ಲಿ ಇಪ್ಪತ್ತಾದರೂ ಇವೆ ಎಂದು ಮನಸ್ಸಿನಲ್ಲೇ ಎಣಿಸಿದ. ಹಿಂದೆಯೂ ಹಲವು ಸಲ ಎಣಿಸಿದ್ದ. ಎಣಿಸುವಾಗ ತನ್ನ ಅಂಗಡಿಯನ್ನು ಪ್ರತಿ ಸಲವೂ ಬಿಡುತ್ತಿದ್ದ. ಕೇಳಿದ ಮಾತನ್ನು ಠಾಣೆಗೆ ಒಯ್ದರೆ ಗೆಳೆಯರು ಸಾಕ್ಷಿ ಹೇಳುತ್ತಾರೆಯೇ? ಮರಾಠಿಯಲ್ಲಿ ದಾದಾ ಅಂದರೆ ಅಣ್ಣ, ಧಾರವಾಡದಲ್ಲಿ ಬೀದಿ ರೌಡಿ. ರೌಡಿಗೆ ರೌಡಿಯದೇ ನ್ಯಾಯ ಎಂದು ಅವತ್ತೇ ನಿರ್ಧರಿಸಿದ.

ಆದರೆ ಸಿಕ್ಕಿಬೀಳುವಂತಿರಲಿಲ್ಲ. ಮನೆಯಲ್ಲಿ ಹೆಂಡತಿ ಗೋದಾ ಇದ್ದಳು. ಮಗಳ ತಟ್ಟೆಯನ್ನು ಇವತ್ತಿಗೂ ತೊಳೆದು ಬೋರಲು ಹಾಕುವವಳು, ರಾತ್ರಿ ಗಂಡ ಮಗ್ಗುಲು ಬದಲಿಸಿದರೂ "ಅದೀರೇನ್ರಿ?" ಎಂದು ಕೇಳುವವಳು. ಅವನೂ ಜೈಲಿಗೆ ಹೋದರೆ ಆ ಪ್ರಶ್ನೆಗೆ ಉತ್ತರ ಕೊಡುವವರಿಲ್ಲ. ಅದಕ್ಕೇ ಅವನು ಅವಸರ ಮಾಡಲಿಲ್ಲ, ನಾಲ್ಕು ತಿಂಗಳು ತೆಗೆದುಕೊಂಡ.

ಭೋರ್ ಊರಿನ ಗುಜರಿಯಿಂದ ಕಾಗದಪತ್ರವಿಲ್ಲದ ಹಳೆಯ ವ್ಯಾನೊಂದನ್ನು ತಂದು ಶಿರೂರಿನಾಚೆಯ ಕಲ್ಲುಗಣಿಯ ಪಕ್ಕ ನಿಲ್ಲಿಸಿದ. ವಿಕ್ರಮ ದಿನಾ ಬೆಳಿಗ್ಗೆ ಆರೂಕಾಲಿಗೆ ಹೆದ್ದಾರಿಯ ಪಕ್ಕದ ಮಣ್ಣುದಾರಿಯಲ್ಲಿ ಓಡುತ್ತಾನೆ ಎಂಬುದನ್ನು ಹತ್ತು ದಿನ ನೋಡಿ ಖಚಿತಪಡಿಸಿಕೊಂಡ. ಅಲ್ಲಿ ಕ್ಯಾಮರಾ ಇಲ್ಲ. ಹಾಲಿನವರು ಓಡಾಡುತ್ತಾರೆ, ನೋಡಲಿ ಬಿಡು. ಜನ ಅಂಕಿ ಓದುವುದಿಲ್ಲ, ಹೆಸರು ಓದುತ್ತಾರೆ. ಮಗಳನ್ನು ಕಳೆದುಕೊಂಡು ಕಲಿತ ಪಾಠ ಅದು. ವ್ಯಾನಿನ ಮುಂದೆ 'ಬಾಸ್' ಎಂದಿದ್ದರೆ ಸಾಕ್ಷಿಗಳೆಲ್ಲ 'ಬಾಸ್' ಎಂದೇ ಹೇಳುತ್ತಾರೆ, ಪೊಲೀಸರು ಜಿಲ್ಲೆಯ 8055ಗಳ ಹಿಂದೆ ಅಲೆಯುತ್ತಾರೆ. ಸರ್ಕಾರಿ ಪ್ಲೇಟಿನ ಗಡುವು ಮುಂದಕ್ಕೆ ಹೋಗುತ್ತಲೇ ಇದ್ದುದರಿಂದ ಹಳೆಯ ಪ್ಲೇಟಿನ ಗಾಡಿಗಳಿಗೆ ರಸ್ತೆಯಲ್ಲಿ ಬರವಿರಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದುಕೊಂಡು ಆ ಪ್ಲೇಟು ಮಾಡಿದ. ಎಷ್ಟೋ ತಿಂಗಳ ಮೇಲೆ ಕೈಗೆ ಒಳ್ಳೆಯ ಕೆಲಸ ಸಿಕ್ಕಿತ್ತು. ಮನಸ್ಸು ಮಗಳ ಹತ್ತಿರ ಇತ್ತು, ಕೈ ತನ್ನಷ್ಟಕ್ಕೆ ಅಳೆಯಿತು, ಕತ್ತರಿಸಿತು, ಅಂಟಿಸಿತು. ಪ್ಲೇಟು ಮುಗಿದದ್ದೇ ಅವನಿಗೆ ತಿಳಿಯಲಿಲ್ಲ.

"ಯಾರದ್ರೀ ಅದು? ಭಾಳ ದಿನದ ಮ್ಯಾಲೆ ಕುಂತೀರಿ," ಎಂದು ಗೋದಾ ಒಳಗಿನಿಂದ ಕೇಳಿದಳು.

"ಒಬ್ಬ ಹಳೇ ಗಿರಾಕಿದು," ಅಂದ.

ಸೋಮವಾರ ನಸುಕಿನಲ್ಲೇ ಚಾಕಣಕ್ಕೆ ಅಕ್ರಿಲಿಕ್ ಹಾಳೆ ತರಲು ಹೋಗುತ್ತೇನೆಂದು ಹೇಳಿ ಹೊರಟ. ಹಾಳೆಯನ್ನು ಶನಿವಾರವೇ ತಂದು ಗಣಿಯ ಹತ್ತಿರ ಇಟ್ಟಿದ್ದ. ಆರೂಕಾಲಿಗೆ ವಿಕ್ರಮ ಬಂದ, ಕಿವಿಯಲ್ಲಿ ಹಾಡು ಸಿಕ್ಕಿಸಿಕೊಂಡು. ತಿರುಗಿ ನೋಡಲೂ ಇಲ್ಲ. ಒಂದು ಸದ್ದು, ಅಷ್ಟೆ. ದೂರದಲ್ಲಿ ಹಾಲಿನವನೊಬ್ಬ ಕೂಗಿದ್ದು ಕೇಳಿಸಿತು. ಎದೆ ಹಗುರಾಗುತ್ತದೆ ಎಂದುಕೊಂಡಿದ್ದ ಬಿಂದುಮಾಧವ. ಆಗಲಿಲ್ಲ. ಪೂರ್ವಾ ಬಿದ್ದಾಗಲೂ ಇಂಥದೇ ಸದ್ದು ಬಂದಿರಬೇಕು ಎನಿಸಿ, ಗಣಿ ಮುಟ್ಟುವವರೆಗೂ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

ಅತ್ತರೂ ಕೆಲಸ ಕೆಡಿಸಿಕೊಳ್ಳಲಿಲ್ಲ. ಪ್ಲೇಟು ಬಿಚ್ಚಿಕೊಂಡು ವ್ಯಾನನ್ನು ಗಣಿಯ ನೀರಿಗೆ ತಳ್ಳಿದ. ಪ್ಲೇಟಿನ ಒಂದು ಮೂಲೆ ಬೆರಳಗಲದಷ್ಟು ಮುರಿದುಹೋಗಿತ್ತು. ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ನಾಲ್ಕು ಅಂಕಿಗಳೂ ಕೈಯಲ್ಲೇ ಇದ್ದವು. ಹೋದದ್ದು ಖಾಲಿ ಮೂಲೆ, ಅದರಿಂದ ಯಾರಿಗೇನು ತಿಳಿದೀತು! ಉಳಿದದ್ದನ್ನು ಚೂರು ಚೂರು ಮಾಡಿ, ಹಾಳೆಯ ಕಟ್ಟು ಹೆಗಲ ಮೇಲಿಟ್ಟುಕೊಂಡು ಮನೆಗೆ ಬಂದು, ಚೂರುಗಳನ್ನು ಅಂಗಡಿಯ ಗುಜರಿಯಲ್ಲಿ ಬೆರೆಸಿದ.

ಪತ್ರಿಕೆಗಳು ಅವನು ಬರೆದುಕೊಟ್ಟಂತೆಯೇ ಬರೆದವು: 'ಬಾಸ್' ಗಾಡಿಗಾಗಿ ಶೋಧ. ಒಂಬತ್ತನೆಯ ದಿನ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಮುಕ್ತಾ ಅಂಗಡಿಗೆ ಬಂದಳು. ಮೂವತ್ತರ ಹೆಂಗಸು, ಕೂರುವ ಮೊದಲು ಚಪ್ಪಲಿ ಬಿಟ್ಟಳು. ಸಂಶಯದ ಮುಖವಲ್ಲ, ಸಹಾಯ ಕೇಳುವ ಮುಖ. ಬಿಂದುಮಾಧವ ತಾನೇ ಸ್ಟೂಲು ಎಳೆದುಕೊಟ್ಟ, ಗೋದಾಳನ್ನು ಕೂಗಿ ಚಹಾ ಹೇಳಿದ.

"ಕಾಕಾ, ನೀವು ಕನ್ನಡದವರು ಅಂತ ಪೇಟೆಯಲ್ಲಿ ಹೇಳಿದರು. ಇದೊಂದು ಅಕ್ಷರ ಓದಿಕೊಡಿ," ಎಂದು ಮರಾಠಿಯಲ್ಲಿ ಹೇಳಿ, ಪ್ಲಾಸ್ಟಿಕ್ ಚೀಲದಲ್ಲಿದ್ದ ಬೆರಳಗಲದ ಚೂರೊಂದನ್ನು ಮೇಜಿನ ಮೇಲಿಟ್ಟಳು. ಅದರ ಪಕ್ಕದಲ್ಲಿ ಒಂದು ಹಳೆಯ ಪ್ಲೇಟನ್ನೂ ಇಟ್ಟಳು. "ಆ ಚೂರು ಶಿರೂರಿನ ಮಣ್ಣುದಾರಿಯಲ್ಲಿ ಸಿಕ್ಕಿತು. ಈ ಪ್ಲೇಟು ಸತ್ತವನ ಮನೆಯ ಗೋಡೆಯಲ್ಲಿ ನೇತಾಡುತ್ತಿತ್ತು. ಎರಡರಲ್ಲೂ ಒಂದೇ ಗುರುತಿದೆ."

ಹಳೆಯ ಪ್ಲೇಟು 'ದಾದಾ' ಎನ್ನುತ್ತಿತ್ತು. ಅದರ ಮೂಲೆಯಲ್ಲಿ ಎಳ್ಳಿನಷ್ಟು ಸಣ್ಣ 'ಪೂ'. ಬಿಂದುಮಾಧವ ಎರಡನ್ನೂ ಹತ್ತಿರಕ್ಕೆ ಎಳೆದುಕೊಂಡು ನೋಡಿದ. ಮಗಳನ್ನು ಕೊಂದವನನ್ನು ಎಲ್ಲರ ಕಣ್ಣಿಂದ ಬಚ್ಚಿಟ್ಟದ್ದು ಅವನದೇ ಕೈ, ಅದೂ ಮಗಳ ಹೆಸರು ಹಾಕಿ. ಅಂಗಡಿ ಎಣಿಸುವಾಗ ಪ್ರತಿ ಸಲ ಬಿಟ್ಟದ್ದು ಇದನ್ನೇ. ಅಳು ನುಗ್ಗಿ ಬಂತು, ಆದರೆ ಒಳಗೆ ಗೋದಾ ಲೋಟ ಜೋಡಿಸುವ ಸದ್ದು ಕೇಳುತ್ತಿತ್ತು. ಆ ಸದ್ದಿಗಾಗಿ ಅವನು ಅಳು ನುಂಗಿ, ಚೂರನ್ನು ಬೆಳಕಿಗೆ ಹಿಡಿದು ನೋಡಿ, ನಿಧಾನವಾಗಿ ಹೇಳಿದ: "ಇದು ಕನ್ನಡ ಅಲ್ಲ ಮೇಡಂ. ತೆಲುಗು ಇರಬೇಕು, ನನಗೆ ಓದಲು ಬರುವುದಿಲ್ಲ."

ಮುಕ್ತಾ ನಿಟ್ಟುಸಿರು ಬಿಟ್ಟು ಚೀಲಕ್ಕೆ ಕೈಚಾಚಿದಳು. ಅಷ್ಟರಲ್ಲಿ ಚಹಾ ತಂದ ಗೋದಾ ಗಂಡನ ಹೆಗಲ ಮೇಲಿಂದ ಬಗ್ಗಿ ನೋಡಿದಳು, ತಟ್ಟೆಯನ್ನು ಅಲ್ಲೇ ಇಟ್ಟಳು. "ಅಯ್ಯ, ಏನ್ರೀ ನೀವು! ತೆಲುಗು ಹೆಂಗಾಗ್ತದ? ನಮ್ಮ ಪೂರ್ವಾನ 'ಪೂ' ಅಲ್ಲೇನ್ರಿ ಇದು!" ಎಂದು ಚೂರನ್ನು ಚೀಲ ಸಮೇತ ಎತ್ತಿ ಎದೆಗೊತ್ತಿಕೊಂಡಳು. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಅವಳ ಮುಖ ಅರಳಿತ್ತು. ಕಣ್ಣೊರೆಸಿಕೊಳ್ಳುತ್ತ ಮುಕ್ತಾಳ ಕಡೆ ತಿರುಗಿ, ಅವಳಿಗೂ ತಿಳಿಯಲೆಂದು ಮರಾಠಿಯಲ್ಲಿ ಹೇಳಿದಳು: ನಮ್ಮ ಮನೆಯವರು ಮಾಡಿದ ಪ್ಲೇಟಿಗೆಲ್ಲ ಈ ಅಕ್ಷರ ಇರುತ್ತದೆ, ಹದಿನಾರು ವರ್ಷದಲ್ಲಿ ಒಂದಕ್ಕೂ ಹಾಕುವುದನ್ನು ಮರೆತಿಲ್ಲ.